ಸುಣ್ಣದ ಕೆಳಗಿನ ಗಾಯ

ದೊಬ್ರಿಂಕಾ ಮೊಣಕಾಲ ಕೆಳಗೆ ಪ್ರಶಸ್ತಿ ಫಲಕ ಹಾಕಿಕೊಂಡು ಕೂತಿದ್ದಾರೆ. ಪ್ಲಾಸ್ಟಿಕ್ಕಿನದು, ಅಗಲವಾಗಿದೆ, ನೆಲದ ತೇವ ಮೇಲೆ ಹತ್ತುವುದಿಲ್ಲ. ‘ಊರಿನ ಅತ್ಯಂತ ಅಚ್ಚುಕಟ್ಟಾದ ವಠಾರದಂಗಳ’ ಎಂದು ಬಂಗಾರದ ಬಣ್ಣದಲ್ಲಿ ಅದರ ಮೇಲೆ ಬರೆದಿದೆ. ಕವುಚಿ ಹಾಕಿಕೊಂಡಿದ್ದರೆ ಕಾಲಿಗೆ ಇನ್ನಷ್ಟು ನುಣುಪಾಗಿರುತ್ತಿತ್ತು. ಆದರೆ ಅವರಿಗೆ ಬೇಕಾದದ್ದು ನುಣುಪಲ್ಲ. ಕೆಲಸಕ್ಕೆ ಹೊರಟವರೆಲ್ಲ ಅದನ್ನು ಓದಬೇಕು, ಅದು ಎಲ್ಲಿ ಬಿದ್ದಿದೆ ಅಂತ ನೋಡಬೇಕು.

ಮೇ ತಿಂಗಳ ಮೊದಲ ವಾರ. ಡ್ಯಾನ್ಯೂಬ್ ಕಡೆಯ ಗಾಳಿ ಇನ್ನೂ ತಣ್ಣಗೇ ಇದೆ. ಝೋರಾ ಬಡಾವಣೆಯ ಎರಡು ಎಂಟಂತಸ್ತಿನ ಕಾಂಕ್ರೀಟು ವಠಾರಗಳ ನಡುವಿನ ಅಂಗಳಕ್ಕೆ ಈಗಷ್ಟೇ ಬೆಳಕು ಇಳಿಯುತ್ತಿದೆ. ಒಂದು ಸಣ್ಣ ಒಲೆಯ ಮೇಲೆ ಮೀನಿನ ಖಾಲಿ ಡಬ್ಬಿ, ಅದರಲ್ಲಿ ಮೇಣ ಕರಗುತ್ತಿದೆ. ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಪೆನ್ಸಿಲ್ ದಪ್ಪದ ಕಡ್ಡಿಗಳು, ಸಣ್ಣ ಮೊಳೆಗಳು, ಒಂದು ಮಡಚುವ ಚಾಕು. ಎದುರಿಗೆ ಸೇಬಿನ ಮರ, ಸೊಂಟದೆತ್ತರಕ್ಕೆ ಸುಣ್ಣ ಬಳಿಸಿಕೊಂಡು, ಮೈತುಂಬ ಹೂ ಬಿಟ್ಟು ನಿಂತಿದೆ. ಬುಡದಲ್ಲಿ ಮಾತ್ರ ಸುಣ್ಣ ಕೆರೆದು ತೆಗೆದಿದ್ದಾರೆ. ಅಲ್ಲಿ ನಾಲ್ಕು ಬೆರಳಗಲ ಕಾಂಡದ ತೊಗಟೆಯೇ, ಸಿಪ್ಪೆಯೇ ಇಲ್ಲ. ಕಂದು ಬಣ್ಣದ ಒಣ ಕಟ್ಟಿಗೆ ಕಾಣುತ್ತಿದೆ, ಹೆಚ್ಚುಕಮ್ಮಿ ಕಾಂಡದ ಸುತ್ತಲೂ.

“ಎಷ್ಟು ಚೆಂದ ಹೂ ಬಿಟ್ಟಿದೆ ಅಂತ ಫೋಟೊ ತೆಗೀತಾರೆ,” ಎನ್ನುತ್ತಾರೆ ದೊಬ್ರಿಂಕಾ, ಅಲಗನ್ನು ಹೆಬ್ಬೆರಳಿಗೆ ತಾಗಿಸಿ ನೋಡುತ್ತಾ. “ಬೇರಿಗೆ ಅನ್ನ ಹೋಗಿ ಮೂರು ವಾರ ಆಯ್ತು. ಮೇಲೆ ಮದುವೆ, ಕೆಳಗೆ ಉಪವಾಸ. ಯಾರಿಗೆ ಹೇಳ್ಲಿ ಇದನ್ನ?”

ನೀರು ಕಟ್ಟಿಗೆಯ ಒಳಗಿನಿಂದ ಮೇಲೇರುತ್ತದೆ, ಹಾಗಾಗಿ ಹೂ ಬಿಡುತ್ತದೆ, ಎಲೆಯೂ ಚಿಗುರುತ್ತದೆ. ಎಲೆ ಮಾಡಿದ ಅಡುಗೆ ಕೆಳಗಿಳಿಯುವುದು ಮಾತ್ರ ಸಿಪ್ಪೆಯಲ್ಲಿ. ಸಿಪ್ಪೆ ಸುತ್ತಲೂ ಹೋಯಿತೆಂದರೆ ಬೇರು ಹಸಿದು ಹಸಿದು ಸಾಯುತ್ತದೆ, ಆಮೇಲೆ ಮರ. ಈ ಮರದ ಗೋಡೆ ಕಡೆಯಲ್ಲಿ ಎರಡು ಬೆರಳಗಲ ಸಿಪ್ಪೆ ಹೇಗೋ ಉಳಿದುಕೊಂಡಿದೆ. ದೊಬ್ರಿಂಕಾ ಅವರ ಆಸೆಯೆಲ್ಲ ಆ ಎರಡು ಬೆರಳಿನ ಮೇಲೆ ನಿಂತಿದೆ.

ಹೊಟ್ಟೆಪಾಡಿಗೆ ಅವರು ಈ ಎರಡು ವಠಾರಗಳ ಮೆಟ್ಟಿಲು ತೊಳೆಯುತ್ತಾರೆ. ಬೆಳಗಿನ ಹೊತ್ತು ಅಂಗಳ, ಆಮೇಲೆ ಬಕೆಟ್ಟು, ಒರೆಸುವ ಬಟ್ಟೆ, ಎಂಟನೇ ಅಂತಸ್ತಿನಿಂದ ಕೆಳಗೆ ಒಂದೊಂದೇ ಮೆಟ್ಟಿಲು. ವಯಸ್ಸು ಅರವತ್ತು ದಾಟಿದೆ, ಬಲಗಾಲಿನ ಮೊಣಕಾಲು ಸವೆದಿದೆ. ಮೆಟ್ಟಿಲಿಗೆ ಸಂಬಳ ಉಂಟು, ಅಂಗಳಕ್ಕೆ ಇಲ್ಲ. ಕೇಳಿದವರೂ ಇಲ್ಲ, ಕೊಡುತ್ತೇವೆ ಅಂದವರೂ ಇಲ್ಲ.

ಹದಿನೆಂಟನೇ ವಯಸ್ಸಿನಿಂದ ಅವರು ಊರಾಚೆಯ ಸಸ್ಯಕ್ಷೇತ್ರದಲ್ಲಿ ಕಸಿ ಕಟ್ಟುತ್ತಿದ್ದರು. ಊರಿನ ಅರ್ಧ ಹಣ್ಣಿನ ಮರಗಳು ಅವರ ಕೈ ದಾಟಿ ಬಂದವು. ಒಂದು ವಸಂತದಲ್ಲಿ ಆ ಜಾಗ ಮಾರಾಟವಾಯಿತು. ಈಗ ಅಲ್ಲಿ ದೊಡ್ಡ ಅಂಗಡಿ, ಅದರ ಮುಂದೆ ಕಾರು ನಿಲ್ಲಿಸುವ ಬಯಲು. ಯಂತ್ರ ಬರುವ ಹಿಂದಿನ ದಿನ ದೊಬ್ರಿಂಕಾ ಹಳೆಯ ತಾಯಿಮರದಿಂದ ಒಂದು ಹಿಡಿ ಕಡ್ಡಿ ಕತ್ತರಿಸಿ, ಊಟದ ಚೀಲದಲ್ಲಿ ಬ್ರೆಡ್ಡಿನ ಕೆಳಗೆ ಬಚ್ಚಿಟ್ಟು ತಂದರು. ಅದು ಪೆಟ್ರೊವ್ಕಾ ಸೇಬು. ಜೂನ್ ಕೊನೆಗೆ, ಸಂತ ಪೀಟರನ ಹಬ್ಬದ ಹೊತ್ತಿಗೆ ಹಣ್ಣಾಗುತ್ತದೆ. ತಿಳಿಹಳದಿ ಬಣ್ಣ, ಹುಳಿ ಮುಂದಾದ ಸಿಹಿ, ಎರಡು ದಿನ ಇಟ್ಟರೆ ಹಿಟ್ಟು ಹಿಟ್ಟಾಗುತ್ತದೆ. ಎರಡು ದಿನ ಇಡಲಾಗದ ಹಣ್ಣನ್ನು ಯಾವ ಅಂಗಡಿಯವನು ಮಾರುತ್ತಾನೆ? ಹಾಗಾಗಿ ಯಾರೂ ಬೆಳೆಸುವುದಿಲ್ಲ.

ವಠಾರದ ಅಂಗಳ ಆಗ ಅಂಗಳವಾಗಿರಲಿಲ್ಲ. ಕಟ್ಟಡ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು, ಕಬ್ಬಿಣದ ಸರಳು, ಮುರಿದ ಸ್ನಾನದ ತೊಟ್ಟಿ. ಅದನ್ನೆಲ್ಲ ಎತ್ತಿ ಹಾಕಿ, ಕಾಡುಸೇಬಿನ ಗಿಡ ನೆಟ್ಟು, ಅದರ ಮೇಲೆ ಆ ಕಡ್ಡಿ ಕಸಿ ಕಟ್ಟಿದರು. ಮರದ ನೆರಳು ನೋಡಿ ಒಬ್ಬರು ಬಂದು ಕೂತರು, ಇನ್ನೊಬ್ಬರು ಪಾರ್ಸ್ಲಿ ಸೊಪ್ಪು ಹಾಕಿದರು, ಮತ್ತೊಬ್ಬರು ದೊಡ್ಡ ಮೆಣಸಿನಕಾಯಿ. ಈಗ ಗೋಡೆಯುದ್ದಕ್ಕೂ ಮನೆಗೊಂದು ಪಟ್ಟಿ. ಪುದೀನ, ಈರುಳ್ಳಿ, ಟೊಮೆಟೊ, ಮೂಲೆಯಲ್ಲಿ ಗೊಬ್ಬರದ ಗುಂಡಿ. ಜೀವಮಾನದಲ್ಲಿ ಗುದ್ದಲಿ ಹಿಡಿಯದ ಬ್ಯಾಂಕಿನವರು, ಬಸ್ಸಿನವರು, ನರ್ಸಮ್ಮಗಳು ಇಲ್ಲಿ ಬೆಳೆ ತೆಗೆಯುತ್ತಾರೆ. ಕಲಿಸಿದ್ದು ದೊಬ್ರಿಂಕಾ. ಕಲಿಸಿದ ಬಗೆ ಬೈಗುಳ.

“ಬೀಜಕ್ಕಿಂತ ಬೈಗುಳಾನೇ ಜಾಸ್ತಿ ಬಿತ್ತಿದೀನಿ ಇಲ್ಲಿ,” ಅಂತ ಅವರೇ ಹೇಳುತ್ತಾರೆ. “ಟೊಮೆಟೊಗೆ ತಲೆ ಮೇಲೆ ನೀರು ಹೊಯ್ಬೇಡ, ಬುಡಕ್ಕೆ ಹೊಯ್ಯಿ. ಒಂದು ಸಲ ಮೆತ್ತಗೆ ಹೇಳ್ದೆ, ಎರಡು ಸಲ ಹೇಳ್ದೆ. ಮೂರನೇ ಸಲ ಎಲೆ ಕಪ್ಪಾದ ಮೇಲೆ ಬಂದು ‘ಯಾಕಕ್ಕಾ ಹಿಂಗಾಯ್ತು’ ಅಂತ ಕೇಳಿದ್ರೆ ಮುತ್ತು ಕೊಡ್ಲಾ? ಮರದ ಬುಡಕ್ಕೆ ಗೊಬ್ಬರ ಗುಡ್ಡೆ ಹಾಕ್ಬೇಡಿ, ಸಿಪ್ಪೆ ಕೊಳೆಯುತ್ತೆ ಅಂತೀನಿ. ಹಾಕ್ತಾರೆ. ದಾರ ಬಿಗಿಯಾಗಿ ಕಟ್ಬೇಡಿ ಅಂತೀನಿ. ಕಟ್ತಾರೆ.”

ದಾರದ ಕತೆ ಇಲ್ಲಿ ಹೇಳಲೇಬೇಕು. ಮಾರ್ಚ್ ಒಂದಕ್ಕೆ, ವಸಂತ ಒಳಿತು ತರಲೆಂದು, ಎಲ್ಲರ ಮುಂಗೈಗೂ ಬರುವ ಕೆಂಪು-ಬಿಳಿ ದಾರ, ಮೊದಲ ಹೂ ಅಥವಾ ಮೊದಲ ಕೊಕ್ಕರೆ ಕಂಡಾಗ ಮರದ ಕೊಂಬೆಗೆ ಹೋಗುತ್ತದೆ. ಹಿಂದೆ ಉಣ್ಣೆಯ ದಾರ ಇತ್ತು, ಮಳೆಬಿಸಿಲಿಗೆ ಕಳಚಿ ಬೀಳುತ್ತಿತ್ತು. ಈಗ ಅಂಗಡಿಯಲ್ಲಿ ಸಿಗುವುದು ನೈಲಾನು. ಕೊಂಬೆ ದಪ್ಪಗಾದ ಹಾಗೆ ಅದು ಸಿಪ್ಪೆಯೊಳಗೆ ಕಚ್ಚಿಕೊಂಡು ಕತ್ತು ಹಿಸುಕುತ್ತದೆ. ಹಾಗೊಂದು ಕೊಂಬೆ ಒಣಗಿತ್ತು. ಈ ಮಾರ್ಚಿನಲ್ಲಿ ಐದನೇ ಅಂತಸ್ತಿನ ರಲಿತ್ಸಾಳ ಆರು ವರ್ಷದ ಮಗಳು ಮತ್ತೆ ನೈಲಾನು ಕಟ್ಟುವುದನ್ನು ಕಂಡು ದೊಬ್ರಿಂಕಾ ಇಡೀ ಅಂಗಳಕ್ಕೆ ಕೇಳುವಂತೆ ಕೂಗಿದರು. ಮಗು ಬಿಕ್ಕಿ ಬಿಕ್ಕಿ ಅತ್ತಿತು. ರಲಿತ್ಸಾ ಅವಳನ್ನು ಎತ್ತಿಕೊಂಡು ಒಳಗೆ ಹೋದಳು. ಬೆಂಚಿನ ಮೇಲಿದ್ದವರು ನೆಲ ನೋಡಿದರು.

ಏಪ್ರಿಲ್ ಎರಡನೇ ವಾರದಲ್ಲಿ ಮೊಣಕಾಲು ಊದಿಕೊಂಡಿತು. ಎರಡು ವಾರ ದೊಬ್ರಿಂಕಾ ಮಂಚ ಬಿಟ್ಟು ಏಳಲಿಲ್ಲ. ಅಷ್ಟರಲ್ಲಿ ಈಸ್ಟರ್ ಬಂತು. ಹಬ್ಬದ ವಾರದ ಬುಧವಾರ ವಠಾರದವರೆಲ್ಲ ಸೇರಿ, ಪ್ರತಿವರ್ಷದಂತೆ, ಮರಗಳಿಗೆ ಸುಣ್ಣ ಬಳಿದರು. ಹಬ್ಬ ಮುಗಿದ ಮೇಲೆ ಅಚ್ಚುಕಟ್ಟು ಅಂಗಳದ ಸ್ಪರ್ಧೆಯ ತೀರ್ಪುಗಾರರು ಮೂವರು ಬಂದರು. ಹೊಳೆಯುವ ಬೂಟು ಹಾಕಿಕೊಂಡು ಕಲ್ಲುಹಾಸಿನ ಮೇಲೆಯೇ ನಡೆದರು. ನುಣ್ಣಗೆ ಕತ್ತರಿಸಿದ ಹುಲ್ಲು ನೋಡಿದರು, ಬೆಳ್ಳಗಿನ ಕಾಂಡ ನೋಡಿದರು, ಹೂ ನೋಡಿದರು, ತಲೆದೂಗಿದರು. ಒಬ್ಬರಾದರೂ ಸೊಂಟ ಬಗ್ಗಿಸಲಿಲ್ಲ. ಫಲಕವನ್ನು ವಠಾರದ ಮೇಲ್ವಿಚಾರಕರ ಕೈಗೆ ಕೊಟ್ಟರು, ಪತ್ರಿಕೆಗಳಲ್ಲಿ, ಈ ಪತ್ರಿಕೆಯೂ ಸೇರಿದಂತೆ, ಅದರ ಫೋಟೊ ಬಂತು. ದೊಬ್ರಿಂಕಾ ಹೆಸರು ಎಲ್ಲೂ ಇರಲಿಲ್ಲ.

ಅವರಿಗೆ ಅದರ ಸಿಟ್ಟಿಲ್ಲ. “ಹೆಸರು ತಗೊಂಡು ಸೂಪಿಗೆ ಹಾಕ್ಲಾ?” ಎನ್ನುತ್ತಾರೆ. ಸಿಟ್ಟು ಬೇರೆಯದಕ್ಕೆ.

ಕಳೆದ ಸೋಮವಾರ, ಕಾಲು ಊರಲು ಬಂದ ಮೇಲೆ, ಗರಿಕೆ ಕೀಳಲು ಕೂತು ಎಡಗೈಯನ್ನು ಮರದ ಬುಡಕ್ಕೆ ಆನಿಸಿದರು. ಬೆರಳು ಒಳಗೆ ಹೋಯಿತು. ಉಗುರಿನಿಂದ ಕೆರೆದರು, ಸುಣ್ಣ ಹಕ್ಕಳೆ ಹಕ್ಕಳೆಯಾಗಿ ಎದ್ದಿತು. ಬೇರೆ ಮರಗಳಿಗೆ ಒಂದು ಕೈ ಸುಣ್ಣ, ಇದರ ಬುಡಕ್ಕೆ ಎರಡು ಕೈ. ಕೆಳಗೆ ಗಾಯ. ಹುಲ್ಲು ಕತ್ತರಿಸುವ ಯಂತ್ರದ ತುದಿಯಲ್ಲಿ ಗಿರ್ರನೆ ತಿರುಗುವ ದಾರ ಸುತ್ತಲೂ ಹೊಡೆದು ಸಿಪ್ಪೆ ಕಿತ್ತಿತ್ತು.

ಮೊದಲು ಹೋಗಿದ್ದು ಊರಿನ ಹುಲ್ಲು ಕತ್ತರಿಸುವ ಗುತ್ತಿಗೆಯವರ ಹತ್ತಿರ. ಪಕ್ಕದ ಬಡಾವಣೆಯಲ್ಲಿ ಅವರ ವ್ಯಾನು ನಿಂತಿತ್ತು. ಕುಂಟುತ್ತಾ ಹೋಗಿ, ಕಾಫಿ ಕುಡಿಯುತ್ತಿದ್ದ ನಾಲ್ವರನ್ನು ನಿಲ್ಲಿಸಿ ಝಾಡಿಸಿದರು. ಎಲ್ಲ ಮುಗಿದ ಮೇಲೆ ಅವರಲ್ಲಿ ಹಿರಿಯನೊಬ್ಬ ಕೇಳಿದ: “ಅಕ್ಕಾ, ಎರಡು ವರ್ಷದ ಹಿಂದೆ ಗುದ್ದಲಿ ಹಿಡ್ಕೊಂಡು ನಮ್ಮನ್ನ ಓಡಿಸಿದ್ರಲ್ಲ, ಆಮೇಲೆ ನಿಮ್ಮ ಅಂಗಳಕ್ಕೆ ಯಾರು ಕಾಲಿಟ್ಟಿದಾರೆ?”

“ಬಾಯಿ ಮುಚ್ಕೊಂಡು ವಾಪಸ್ ಬಂದೆ,” ಎನ್ನುತ್ತಾರೆ ದೊಬ್ರಿಂಕಾ. “ಹುಟ್ಟಿದಾಗಿಂದ ಮೊದಲ ಸಲ.”

ಬೆಂಚಿನ ಮೇಲೆ ಗೀನಜ್ಜಿ ಕೂತಿದ್ದರು. ತೊಂಬತ್ತಕ್ಕೆ ಹತ್ತಿರದ ಗೀನಜ್ಜಿ ಬೆಳಗಾದರೆ ದಿಂಬು ತಂದು ಅಲ್ಲಿ ಕೂರುತ್ತಾರೆ, ಅವರ ಕಣ್ಣು ತಪ್ಪಿಸಿ ಬೆಕ್ಕು ಕೂಡ ಅಂಗಳ ದಾಟುವುದಿಲ್ಲ. ದೊಬ್ರಿಂಕಾ ಹೋಗಿ ಅವರ ಎದುರಿಗೆ ನಿಂತರು. ಅಜ್ಜಿ ಬಹಳ ಹೊತ್ತು ಕೋಲಿನ ತುದಿಯಿಂದ ಮಣ್ಣು ಕೆದಕಿದರು.

“ಲಾಝಾರನ್ನ ಕೇಳು,” ಅಂದರು ಕೊನೆಗೆ.

ಲಾಝಾರ್ ವಠಾರದ ಮೇಲ್ವಿಚಾರಕ. ಬಸ್ಸು ಓಡಿಸಿ ನಿವೃತ್ತನಾದ, ಯಾರ ನಲ್ಲಿ ಸೋರಿದರೂ ತಾನೇ ಸ್ಪ್ಯಾನರು ಹಿಡಿದು ಹೋಗುವ ಮನುಷ್ಯ. ಮರ ಕೊಯ್ದವನು ದುಷ್ಟನಾಗಿದ್ದರೆ ಬೈಯುವುದು ಎಷ್ಟು ಸುಲಭವಾಗುತ್ತಿತ್ತು.

“ಅಕ್ಕನ ಕಾಲು ನೋವು, ತೀರ್ಪುಗಾರರು ಬೇರೆ ಬರ್ತಾರೆ, ಏಳೋದರೊಳಗೆ ಹುಲ್ಲು ತೆಗೆದಿಟ್ರೆ ಅವರಿಗೂ ಖುಷಿಯಾಗುತ್ತೆ ಅಂತ ಅಳಿಯನ ಮಿಷನ್ ತಂದೆ,” ಎನ್ನುತ್ತಾನೆ ಲಾಝಾರ್, ಟೋಪಿಯನ್ನು ಕೈಯಲ್ಲಿ ತಿರುವುತ್ತಾ. “ಮರದ ಬುಡದಲ್ಲಿ ನಾಲ್ಕು ಎಸಳು ಉಳಿದಿತ್ತು. ಅಚ್ಚುಕಟ್ಟಾಗಿರ್ಲಿ ಅಂತ ಸುತ್ತ ಒಂದು ಸಲ ತಿರುಗಿಸಿದೆ. ನೋಡಿದ್ರೆ ಸಿಪ್ಪೆ ನೇತಾಡ್ತಿದೆ. ಹೇಳೋಣ ಅಂತ ಅವರ ಬಾಗಿಲ ತನಕ ಹೋದೆ, ದೇವರಾಣೆ. ಬೆಲ್ಲಿನ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಆ ಮಗು ಅತ್ತಿದ್ದು ನೆನಪಾಯ್ತು. ಒಂದು ದಾರಕ್ಕೇ ಹಂಗಂದವರು ನನ್ನ ಚರ್ಮ ಸುಲೀದೆ ಬಿಡ್ತಾರಾ?”

ಬುಧವಾರ ಎಲ್ಲರೂ ಸುಣ್ಣ ಬಳಿದಾಗ ಅವನು ಈ ಬುಡಕ್ಕೆ ಇನ್ನೊಂದು ಕೈ ಬಳಿದ. ಅದನ್ನು ಗೀನಜ್ಜಿ ನೋಡಿದರು. ಅವರು ಪಕ್ಕದಲ್ಲಿದ್ದವರಿಗೆ ಹೇಳಿದರು, ಅವರು ಲಿಫ್ಟಿನಲ್ಲಿ ಇನ್ನೊಬ್ಬರಿಗೆ. ಹೀಗೆ ಎಂಟು ಅಂತಸ್ತಿಗೂ ಗೊತ್ತಾಯಿತು, ದೊಬ್ರಿಂಕಾ ಮಲಗಿದ್ದ ಎರಡನೇ ಅಂತಸ್ತಿನ ಆ ಒಂದು ಮನೆ ಬಿಟ್ಟು. ಅವರಿಗೆ ಸೂಪು ತಂದುಕೊಟ್ಟವರಿಗೆ ಗೊತ್ತಿತ್ತು, ಕೆಂಪು ಬಣ್ಣ ಹಚ್ಚಿದ ಮೊಟ್ಟೆ ತಂದುಕೊಟ್ಟು ಹಬ್ಬದ ಶುಭಾಶಯ ಹೇಳಿದವರಿಗೂ ಗೊತ್ತಿತ್ತು.

“ಅವತ್ತೇ ಹೇಳಿದ್ರೆ,” ಎನ್ನುವಾಗ ದೊಬ್ರಿಂಕಾ ಅವರ ದನಿ ಏರುವುದಿಲ್ಲ. ಇಳಿಯುತ್ತದೆ, ಕೇಳಲು ಅದೇ ಹೆಚ್ಚು ಕಷ್ಟ. “ಅವತ್ತೇ ಹೇಳಿದ್ರೆ ಸಿಪ್ಪೆ ಹಸಿ ಇತ್ತು. ವಾಪಸ್ ಕೂರಿಸಿ, ಒದ್ದೆ ಮಣ್ಣು ಮೆತ್ತಿ, ಬಟ್ಟೆ ಸುತ್ತಿದ್ರೆ ಅಂಟ್ಕೊಳ್ತಿತ್ತು. ಕುಂಟ್ಕೊಂಡಾದ್ರೂ ಬರ್ತಿದ್ದೆ. ತೆವಳ್ಕೊಂಡು ಬರ್ತಿದ್ದೆ. ಕೊಯ್ದಿದ್ದಕ್ಕಲ್ಲ ನನಗೆ ಉರಿಯೋದು. ಕೈ ಜಾರುತ್ತೆ, ನಂದೂ ಜಾರಿದೆ. ಅದರ ಮೇಲೆ ಸುಣ್ಣ ಬಳಿದ್ರಲ್ಲ. ಬಳಿದು, ಅದಕ್ಕೆ ಬಹುಮಾನ ಬೇರೆ ತಗೊಂಡ್ರಲ್ಲ.”

ಈಗ ಉಳಿದಿರುವುದು ಒಂದೇ ದಾರಿ. ಸಿಪ್ಪೆ ಹೋದ ಜಾಗದ ಕೆಳಗಿನಿಂದ ಮೇಲಕ್ಕೆ ಕಡ್ಡಿಗಳ ಸೇತುವೆ ಕಟ್ಟಬೇಕು. ಅದಕ್ಕೆ ಚಳಿಗಾಲದಲ್ಲಿ ಕತ್ತರಿಸಿದ, ಇನ್ನೂ ಚಿಗುರದ ಕಡ್ಡಿ ಬೇಕು. ದೊಬ್ರಿಂಕಾ ಅವರ ನೆಲಮಾಳಿಗೆಯಲ್ಲಿ, ಹುಳಿ ಎಲೆಕೋಸಿನ ಪೀಪಾಯಿಯ ಹಿಂದೆ, ಒದ್ದೆ ಮರಳಿನ ಪೆಟ್ಟಿಗೆಯಲ್ಲಿ ಇದೇ ಮರದ ಕಡ್ಡಿಗಳಿದ್ದವು. ಹೊಸ ಸಸಿ ಕಟ್ಟಿ ವಠಾರದವರಿಗೆ ಹಂಚಲು ಇಟ್ಟದ್ದು. ಎಲ್ಲವೂ ಈ ಬುಡಕ್ಕೇ ಹೋಗುತ್ತವೆ, ಈ ವರ್ಷ ಯಾರಿಗೂ ಸಸಿ ಇಲ್ಲ.

ಲಾಝಾರ್ ನೀರಿನ ಬಕೆಟ್ಟು ಹಿಡಿದು ಬಂದು ನಿಲ್ಲುತ್ತಾನೆ. ಯಾರೂ ಕರೆದಿಲ್ಲ. ದೊಬ್ರಿಂಕಾ ತಲೆ ಎತ್ತುವುದಿಲ್ಲ, ಒಂದು ಕಡ್ಡಿ ಮಾತ್ರ ಅವನ ಕಡೆ ಚಾಚುತ್ತಾರೆ.

“ಹಿಡ್ಕೊ. ಬುಡದ ತುದಿ ಕೆಳಗೇ ಇರ್ಲಿ. ತಲೆಕೆಳಗಾದ್ರೆ ಸಾಯುತ್ತೆ.”

“ಬುಡ ಯಾವುದಕ್ಕಾ ಇದರಲ್ಲಿ?”

“ಅಷ್ಟು ವರ್ಷ ಬಸ್ಸು ಓಡಿಸಿದೆಯಲ್ಲ, ಮೂತಿ ಯಾವ ಕಡೆ ಅಂತ ಗೊತ್ತಿತ್ತಲ್ಲ? ಮೊಗ್ಗಿನ ಮೂತಿ ಮೇಲೆ ನೋಡ್ಬೇಕು.”

ಗೀನಜ್ಜಿ ಬೆಂಚಿನಿಂದ ಕಿಸಕ್ಕೆಂದು ನಗುತ್ತಾರೆ, ದೊಬ್ರಿಂಕಾ ಒಂದು ನೋಟ ಬೀರಿದ ಕೂಡಲೇ ಸುಮ್ಮನಾಗುತ್ತಾರೆ. ಕಡ್ಡಿಯ ಎರಡೂ ತುದಿಯನ್ನು ಓರೆಯಾಗಿ ಸವರಿ, ಗಾಯದ ಕೆಳಗಿನ ಸಿಪ್ಪೆಯಡಿ ಒಂದು ತುದಿ, ಮೇಲಿನ ಸಿಪ್ಪೆಯಡಿ ಇನ್ನೊಂದು ತುದಿ ಸೇರಿಸುತ್ತಾರೆ. ನಡುವೆ ಕಡ್ಡಿ ಕೊಂಚ ಬಾಗಿ ಉಬ್ಬಿರಬೇಕು, ಬಿಗಿಯಾದರೆ ಗಾಳಿಗೆ ಮರ ತೂಗಿದಾಗ ಕಿತ್ತು ಬರುತ್ತದೆ. ಸಣ್ಣ ಮೊಳೆ, ಮೇಲೆ ಬಿಸಿ ಮೇಣ. ಒಂದಾದ ಮೇಲೆ ಒಂದು, ಸುತ್ತಲೂ. ಮೊಣಕಾಲ ಕೆಳಗೆ ಬಂಗಾರದ ಅಕ್ಷರಗಳ ಮೇಲೆ ಮೇಣ ತೊಟ್ಟಿಕ್ಕುತ್ತದೆ.

ಕೊನೆಯ ಕಡ್ಡಿ ಕೂತ ಮೇಲೆ ಅವರು ಗೋಡೆ ಹಿಡಿದು ಏಳುತ್ತಾರೆ, ಒಂದು ಕುರ್ಚಿ ಎಳೆದುಕೊಂಡು ಹತ್ತುತ್ತಾರೆ, ಹೂಗಳನ್ನು ಚಿವುಟಿ ಉದುರಿಸಲು ಶುರು ಮಾಡುತ್ತಾರೆ. ಈ ವರ್ಷ ಮರ ಕಾಯಿ ಹೊರಬಾರದು, ಎಲೆ ಮಾಡಿದ್ದೆಲ್ಲ ಬೇರಿಗೆ ಹೋಗಬೇಕು. ಬಿಳಿ ಎಸಳು ಅಂಗಳದ ಮೇಲೆಲ್ಲ ಬೀಳುತ್ತದೆ. ಗೀನಜ್ಜಿ ಕೋಲೂರಿ ಎದ್ದು ಬರುತ್ತಾರೆ.

ಗೀನಜ್ಜಿಗೆ ಒಬ್ಬ ಮಗನಿದ್ದ, ನಾಲ್ಕು ವರ್ಷಕ್ಕೆ ತೀರಿಹೋದ. ಮಗು ಕಳೆದುಕೊಂಡ ತಾಯಂದಿರು ಸಂತ ಪೀಟರನ ಹಬ್ಬದ ತನಕ ಸೇಬು ಬಾಯಿಗಿಡುವುದಿಲ್ಲ. ಇಟ್ಟರೆ ಅಲ್ಲಿ ಮೇಲೆ, ಸ್ವರ್ಗದಲ್ಲಿ, ಆ ಮಗುವಿನ ಪಾಲಿನ ಸೇಬು ತಪ್ಪುತ್ತದೆ ಅನ್ನುತ್ತಾರೆ. ಹಬ್ಬದ ಬೆಳಗ್ಗೆ ಈ ಮರದ ಮೊದಲ ಬುಟ್ಟಿ ಗೀನಜ್ಜಿಯ ಮಡಿಲಿಗೆ. ಅವರು ದಾರಿಯಲ್ಲಿ ಹೋಗುವ ಮಕ್ಕಳಿಗೆ ಒಂದೊಂದೇ ಕೊಟ್ಟು, ಕೊನೆಯದನ್ನು ತಾವು ತಿನ್ನುತ್ತಾರೆ. ಅಂಗಡಿಯ ಸೇಬಿನಿಂದ ಇದು ಆಗುವುದಿಲ್ಲ ಅಂತ ಅವರ ಹಟ.

“ಒಂದು ಕೊಂಬೆಯಲ್ಲಾದ್ರೂ ಬಿಡೇ ದೊಬ್ರಿಂಕಾ.”

“ಮೂರು ವಾರ ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ? ನಿನ್ನ ಮಗನ ಸೇಬು ಅಂತ ಗೊತ್ತಿರ್ಲಿಲ್ವಾ ಅಜ್ಜಿ ನಿನಗೆ?”

“ಗೊತ್ತಿತ್ತು,” ಅಂದರು ಗೀನಜ್ಜಿ. “ಜಗಳ ಆಗುತ್ತೆ ಅಂತ ಹೆದರಿದೆ. ಈ ವಯಸ್ಸಲ್ಲೂ ಹೆದರಿದೆ.”

ದೊಬ್ರಿಂಕಾ ಅವರ ಕೈ ನಿಂತಿತು. ಅಜ್ಜಿಯನ್ನು ನೋಡಿದರು, ಬಕೆಟ್ಟು ಹಿಡಿದು ನಿಂತ ಲಾಝಾರನನ್ನು ನೋಡಿದರು, ಐದನೇ ಅಂತಸ್ತಿನ ಬಾಲ್ಕನಿಯಲ್ಲಿ ಮಗಳ ಹೆಗಲ ಮೇಲೆ ಕೈ ಇಟ್ಟು ನಿಂತ ರಲಿತ್ಸಾಳನ್ನೂ ನೋಡಿದರು. ತಮ್ಮ ಬಾಯಿಗೆ ಇಷ್ಟು ಜನ ಹೆದರಿದ್ದಾರೆ ಎನ್ನುವುದು ಅವರಿಗೆ ಹೊಸ ಸುದ್ದಿ. ಹೆದರಲಿ, ಹೆದರಿದರೆ ಗಿಡ ಉಳಿಯುತ್ತದೆ ಅಂತ ಇಷ್ಟು ವರ್ಷ ನಂಬಿದ್ದರು. ಆ ಲೆಕ್ಕ ತಪ್ಪಿತ್ತು. ಅದಕ್ಕೂ ಅವರಿಗೆ ಸಿಟ್ಟೇ ಬಂತು. ಮತ್ತೆ ಹೂ ಚಿವುಟತೊಡಗಿದರು, ಕುರ್ಚಿ ಸರಿಸಿ ಸರಿಸಿ ಇಡೀ ಮರ ಬೋಳು ಮಾಡಿದರು. ಬೆಂಚಿನ ಕಡೆಯ ಕೆಳಗಿನ ಕೊಂಬೆಯಲ್ಲಿ ಮಾತ್ರ ಒಂದು ಗೊಂಚಲು ಉಳಿಯಿತು. ಅದನ್ನು ಮರೆತು ಬಿಟ್ಟರೆಂದು ಅಲ್ಲಿದ್ದ ಯಾರೂ ಅಂದುಕೊಳ್ಳಲಿಲ್ಲ.

ಕೆಳಗಿಳಿದು ಮಣ್ಣು ಮೇಣ ಮೆತ್ತಿದ ಫಲಕವನ್ನು ಲಾಝಾರನ ಕೈಗಿಟ್ಟರು. “ತಗೊಂಡು ಹೋಗಿ ಬಾಗಿಲ ಹತ್ರ ಹಾಕು. ಒರೆಸಿದ್ರೆ ನೋಡು.”

ನಿಮಗೇನು ಬೇಕು ಅಂತ ಪತ್ರಿಕೆಯ ಪರವಾಗಿ ಕೇಳಿದಾಗ ದೊಬ್ರಿಂಕಾ ಹೇಳಿದ್ದು ಇಷ್ಟು: “ಏನಾದ್ರೂ ಮುರಿದ್ರೆ ಅವತ್ತೇ ಬಂದು ಹೇಳ್ಲಿ. ಬೈತೀನಿ. ಬೈಯಲ್ಲ ಅಂತ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ. ಆದ್ರೂ ಬಂದು ಹೇಳ್ಲಿ. ನನ್ನ ಬೈಗುಳಕ್ಕೆ ಈ ವಠಾರದಲ್ಲಿ ಒಬ್ರೂ ಸತ್ತಿಲ್ಲ.” ಆಮೇಲೆ ಬಕೆಟ್ಟು ಎತ್ತಿಕೊಂಡು ಮೆಟ್ಟಿಲ ಕಡೆ ನಡೆದರು.

ಎರಡು ವಾರ ಬಿಟ್ಟು ಮತ್ತೆ ಹೋಗಿ ನೋಡಿದರೆ ಫಲಕ ಬಾಗಿಲ ಪಕ್ಕದಲ್ಲಿದೆ, ಒರೆಸಿಲ್ಲ. ಸೇತುವೆಯ ಕಡ್ಡಿಗಳ ಮೊಗ್ಗುಗಳು ಹಸಿರಾಗಿ ಉಬ್ಬಿವೆ, ಚಿಗುರಾಗದಂತೆ ದೊಬ್ರಿಂಕಾ ಅವನ್ನು ಬೆರಳಿನಿಂದ ತಿಕ್ಕಿ ತೆಗೆಯುತ್ತಾರೆ. ಮರ ಉಳಿಯಿತೋ ಇಲ್ಲವೋ ಬರುವ ವಸಂತಕ್ಕೆ ಗೊತ್ತಾಗಬೇಕು. ಒಂದು ಕಡ್ಡಿಯ ಮೇಣ ಮಾತ್ರ ಹೊಸದಾಗಿದೆ, ಮೊಳೆಯೂ ಹೊಸದು.

ಹಿಂದಿನ ದಿನ ನೀರು ಹೊಯ್ಯುವಾಗ ಲಾಝಾರನ ಬಕೆಟ್ಟು ಅದಕ್ಕೆ ತಾಗಿ ಮೇಲಿನ ತುದಿ ಕಳಚಿತ್ತಂತೆ. ಆಮೇಲೆ ದೊಬ್ರಿಂಕಾ ಮೆಟ್ಟಿಲು ಇಳಿಯುತ್ತಾ ಬೈದದ್ದು ಎದುರು ವಠಾರದ ಎಂಟನೇ ಅಂತಸ್ತಿಗೂ ಕೇಳಿಸಿತು ಅಂತ ರಲಿತ್ಸಾ ನಗುತ್ತಾ ಹೇಳುತ್ತಾಳೆ. ಅವನ ವಂಶವನ್ನು, ಅವನು ಓಡಿಸಿದ ಬಸ್ಸನ್ನು, ಆ ಬಸ್ಸಿನಲ್ಲಿ ಕೂತ ಪ್ರಯಾಣಿಕರನ್ನೂ ಬಿಡಲಿಲ್ಲವಂತೆ. ಬೈಯುತ್ತಲೇ ಕೂತು, ತುದಿ ಒಣಗುವ ಮೊದಲೇ ಸಿಪ್ಪೆಯಡಿ ಸೇರಿಸಿ ಮೊಳೆ ಹೊಡೆದರಂತೆ.

ಅದನ್ನೇ ಕೇಳಿದರೆ ದೊಬ್ರಿಂಕಾ ಮುಖ ಗಂಟಿಕ್ಕುತ್ತಾರೆ. ಗರಿಕೆ ಕೀಳುವ ಕೈ ನಿಲ್ಲುವುದಿಲ್ಲ.

“ಕೈಯಲ್ಲ ಅವನದು, ಒನಕೆ,” ಎನ್ನುತ್ತಾರೆ. ಆಮೇಲೆ, ಮರದ ಕಡೆಗೇ ನೋಡುತ್ತಾ: “ಬೆಲ್ ಒತ್ತಿದ.”